ಗಾಜಿನ ಆಚೆ ಏಳು ನಿಮಿಷ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಫಿಲ್ಲಿಂಗ್ ಕೋಣೆಯ ತಂಪು ನಿಂತಿತು. ಗಾಳಿ ನಿಲ್ಲಲಿಲ್ಲ. ಗಾಳಿ ನಿಂತಿದ್ದರೆ ಗಂಟೆ ಹೊಡೆದುಕೊಳ್ಳುತ್ತಿತ್ತು, ಒಳಗಿದ್ದವರು ಹೊರಗೆ ಬರುತ್ತಿದ್ದರು. ಕೆಟ್ಟಿದ್ದು ಆ ಗಾಳಿಯನ್ನು ತಣ್ಣಗೆ ಮಾಡುವ ಯಂತ್ರ ಮಾತ್ರ. ಗೋಡೆಯ ಮೇಲಿನ ಉಷ್ಣಾಂಶದ ಅಂಕಿ ನಿಧಾನವಾಗಿ ಏರತೊಡಗಿತು. ಇಂಜಿನಿಯರಿಂಗ್‌ನವರು ಫೋನಿನಲ್ಲಿ "ಅರ್ಧ ಗಂಟೆ ಮೇಡಂ" ಎಂದರು. ಒಳಗೆ ಬ್ಯಾಚು ಓಡುತ್ತಿತ್ತು. ನಡುವೆ ನಿಲ್ಲಿಸಿದರೆ ಅಲ್ಲಿಯವರೆಗೆ ತುಂಬಿದ್ದೆಲ್ಲ ಹಾಳು. ಅಂಕಿ ಇನ್ನೂ ಮಿತಿಯೊಳಗಿದೆ, ಕೆಲಸ ಮುಂದುವರಿಯಲಿ ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದವಳು ನಾನು.

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಇಂಜೆಕ್ಷನ್ ತಯಾರಿಸುವ ಸಣ್ಣ ಕಾರ್ಖಾನೆ. ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ ನಾನು ಇಲ್ಲಿಗೆ ಸೇರಿದೆ. ನನ್ನ ಕೆಲಸವನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆ: ದೊಡ್ಡವರಿಗೆ ಬಟ್ಟೆ ಹಾಕಿಕೊಳ್ಳುವುದನ್ನು ಕಲಿಸುವುದು. ಫಿಲ್ಲಿಂಗ್ ಕೋಣೆಯಲ್ಲಿ ಸಣ್ಣ ಗಾಜಿನ ಬಾಟಲಿಗಳಿಗೆ ಔಷಧಿ ತುಂಬುತ್ತಾರೆ. ಆ ಔಷಧಿ ನೇರವಾಗಿ ರೋಗಿಯ ರಕ್ತಕ್ಕೆ ಹೋಗುವಂಥದ್ದು. ಅದಕ್ಕೆ ಅತಿ ದೊಡ್ಡ ಅಪಾಯ ನಾವೇ. ನಮ್ಮ ಚರ್ಮದಿಂದ ಉದುರುವ ಹೊಟ್ಟು, ಕೂದಲು, ಉಸಿರು. ಆದ್ದರಿಂದ ತಲೆಯಿಂದ ಕಾಲಿನವರೆಗೆ ಒಂದೇ ತುಂಡಿನ ಬಿಳಿ ಉಡುಪು, ಅದರೊಳಗೆ ಸಿಕ್ಕಿಸಿದ ತಲೆಗವಸು, ಮಾಸ್ಕು, ಕನ್ನಡಕ, ಮೊಣಕಾಲಿನವರೆಗೆ ಬಟ್ಟೆಯ ಬೂಟು, ಎರಡು ಜೊತೆ ಕೈಗವಸು. ಇದು ನಮ್ಮನ್ನು ಔಷಧಿಯಿಂದ ಕಾಪಾಡುವ ಉಡುಪಲ್ಲ, ಔಷಧಿಯನ್ನು ನಮ್ಮಿಂದ ಕಾಪಾಡುವ ಉಡುಪು. ಹೊಸಬರಿಗೆ ಮೊದಲ ದಿನ ಈ ಮಾತನ್ನೇ ಹೇಳುತ್ತಿದ್ದೆ. ಅವರು ತಲೆದೂಗುತ್ತಿದ್ದರು. ಆ ಮಾತಿನೊಳಗೆ ಏನಿದೆ ಎಂದು ನಾನೇ ಯೋಚಿಸಿರಲಿಲ್ಲ.

ಆ ದಿನ ಒಳಗೆ ಇಬ್ಬರಿದ್ದರು. ಒಬ್ಬರು ಹುಲ್ಲಹಳ್ಳಿ ಕಡೆಯ ಆಪರೇಟರ್, ಇಬ್ಬರು ಮಕ್ಕಳ ತಂದೆ, ಮಾತು ಕಡಿಮೆ. ಇನ್ನೊಬ್ಬರು ಟಿ. ನರಸೀಪುರದ ಹತ್ತಿರ ಹೆಮ್ಮಿಗೆಯವರು. ನಲವತ್ತು ದಾಟಿದ ಹೆಂಗಸು, ನಮಗೆಲ್ಲ ಅಕ್ಕ. ಉಡುಪು ಹಾಕಿಕೊಳ್ಳುವುದರಲ್ಲಿ ಅಕ್ಕನನ್ನು ಮೀರಿಸಿದವರಿಲ್ಲ. ಕಾಲಿನ ಭಾಗವನ್ನು ಮಡಿಸಿ ಹಿಡಿದು, ತೋಳುಗಳು ನೆಲಕ್ಕೆ ತಾಗದಂತೆ ಒಳಗೆ ಇಳಿಯುವುದನ್ನು ನೋಡಿದರೆ ಸೀರೆ ಉಡುವಷ್ಟೇ ಸಲೀಸು. ಕೆಲಸ ಮುಗಿಸಿ ಬಂದವರ ಉಡುಪಿನ ಎದೆಗೆ, ತೋಳಿಗೆ ನಾನು ಒಂದು ಪುಟ್ಟ ತಟ್ಟೆ ಒತ್ತುತ್ತೇನೆ. ಸೂಕ್ಷ್ಮಜೀವಿಗಳಿದ್ದರೆ ಕೆಲವು ದಿನಕ್ಕೆ ಅದರಲ್ಲಿ ಚುಕ್ಕೆಗಳು ಬೆಳೆಯುತ್ತವೆ. ಅಕ್ಕನ ತಟ್ಟೆ ಯಾವಾಗಲೂ ಖಾಲಿ.

ಉಡುಪಿನ ಕೋಣೆಯ ಹೊರಗೆ ಗೋಡೆಯ ಮೇಲೆ ಒಂದು ಪಟ್ಟಿ ಇತ್ತು. ಅದು ನನ್ನದೇ ಯೋಚನೆ. ಒಮ್ಮೆ ಹೊರಗೆ ಬಂದರೆ ಆ ಉಡುಪು ಲಾಂಡ್ರಿಗೆ ಹೋಗಬೇಕು, ಮತ್ತೆ ಒಳಗೆ ಹೋಗಲು ಹೊಸದು ತೊಡಬೇಕು. ಒಳಗೆ ಹೊರಗೆ ಓಡಾಟ ಹೆಚ್ಚಿದಷ್ಟೂ ಕೋಣೆ ಕೊಳೆಯಾಗುವ ಭಯ ಹೆಚ್ಚು. ಲಾಂಡ್ರಿಯಿಂದ ಉಡುಪು ಬರುವುದೂ ತಡವಾಗುತ್ತಿತ್ತು. ಹಾಗಾಗಿ ಇಡೀ ಪಾಳಿಯನ್ನು ಒಂದೇ ಉಡುಪಿನಲ್ಲಿ ಮುಗಿಸಿದವರ ಹೆಸರಿನ ಮುಂದೆ ಬಣ್ಣದ ನಕ್ಷತ್ರ ಅಂಟಿಸತೊಡಗಿದೆ. ಶಾಲೆಯ ಮಕ್ಕಳ ಪುಸ್ತಕಕ್ಕೆ ಅಂಟಿಸುವ ನಕ್ಷತ್ರ, ಬಜಾರಿನ ಅಂಗಡಿಯಿಂದ ತಂದದ್ದು. ಯಾರೂ ಇದನ್ನು ಕೇಳಿರಲಿಲ್ಲ. ಆದರೆ ಹೆಂಗಸರು ಅದನ್ನು ಪಂದ್ಯ ಮಾಡಿಕೊಂಡರು. ಅಕ್ಕನ ಸಾಲು ತುಂಬಿ, ಪಕ್ಕದಲ್ಲಿ ಇನ್ನೊಂದು ಹಾಳೆ ಅಂಟಿಸಬೇಕಾಯಿತು.

ಅಷ್ಟು ಹೊತ್ತು ಅವರು ಹೇಗೆ ತಡೆದುಕೊಳ್ಳುತ್ತಿದ್ದರು? ನಾನು ಕೇಳಲಿಲ್ಲ. ಒಮ್ಮೆ ಕ್ಯಾಂಟೀನಿನಲ್ಲಿ ಒಬ್ಬಳು ಕಾಫಿ ಲೋಟ ಪಕ್ಕಕ್ಕೆ ಸರಿಸಿ, "ಒಳಕ್ ಓಗೋ ದಿನ ಕಾಪಿ ಇಲ್ಲ ಮೇಡಂ, ನೀರೂ ಇಲ್ಲ. ನಮ್ ಹೊಟ್ಟೆಗೂ ಶಿಫ್ಟ್ ಐತೆ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹನ್ನೊಂದೂ ಇಪ್ಪತ್ತೈದಕ್ಕೆ ಇಂಟರ್‌ಕಾಂ ಬಡಿದುಕೊಂಡಿತು. ಆಪರೇಟರ್.

"ಮೇಡಂ, ಅಕ್ಕ ಬಿದ್ದೋದ್ರು."

"ಏನಾಯ್ತು? ಎಲ್ಲಿ?"

"ಗೋಡೆ ಇಡ್ಕಂಡ್ ನಿಂತಿದ್ರು. ಅಂಗೇ ಜಾರ್ಕಂಡು ಕೂತ್ರು. ಈಗ ಮಲಗ್ಬುಟ್ರು. ಕೂಗುದ್ರೆ ಕಣ್ ಬುಡ್ತಾರೆ, ಮಾತಾಡ್ತಿಲ್ಲ. ಮಾಸ್ಕು ನೆಂದೋಗದೆ, ಉಸ್ರಾಡಕ್ ಆಯ್ತಿಲ್ಲ ಅನ್ಸತ್ತೆ. ತೆಗೀಲಾ ಮೇಡಂ?"

"ತಡೀರಿ. ನಾನೇ ಬರ್ತೀನಿ."

ಈ ಒಂದು ಪದವನ್ನು ಎಷ್ಟು ಸಲ ಹಿಂದಕ್ಕೆ ಎಳೆದುಕೊಳ್ಳಲು ನೋಡಿದ್ದೇನೋ. ತಡೀರಿ. ಬೆವರಿನಲ್ಲಿ ಒದ್ದೆಯಾದ ಮಾಸ್ಕು ಒದ್ದೆ ಬಟ್ಟೆಯಂತೆ ಬಾಯಿಗೆ ಅಂಟಿಕೊಳ್ಳುತ್ತದೆ. ಉಸಿರೆಳೆದಷ್ಟೂ ಇನ್ನಷ್ಟು ಒತ್ತುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು, ಪಾಠದಲ್ಲಿ ನಾನೇ ಹೇಳಿಕೊಡುತ್ತೇನೆ. ಆದರೂ ಆ ಕ್ಷಣ ನನ್ನ ತಲೆಗೆ ಬಂದದ್ದು ಬೇರೆ: ತೆರೆದ ಬಾಟಲಿಗಳ ಸಾಲಿನಿಂದ ನಾಲ್ಕು ಅಡಿ ದೂರದಲ್ಲಿ ಒಬ್ಬರು ಮಾಸ್ಕು ಕಳಚುವುದು. ನಾನು ಒಳಗೆ ಹೋಗಿ ನೋಡಿ ತೀರ್ಮಾನಿಸುವವರೆಗೆ ಯಾರೂ ಏನನ್ನೂ ಕಳಚಬಾರದು. ಆಪರೇಟರ್ ಒಳಗಿದ್ದರು, ಅಕ್ಕನ ಪಕ್ಕದಲ್ಲೇ ಇದ್ದರು, ಕೇಳಿದರು. ನಾನು ಬೇಡ ಎಂದೆ.

ಆಮೇಲೆ ನಾನು ಉಡುಪಿನ ಕೋಣೆಗೆ ಹೋದೆ. ಚಪ್ಪಲಿ ಬಿಟ್ಟೆ. ಅಡ್ಡಲಾಗಿ ಹಾಕಿರುವ ಸ್ಟೀಲ್ ಬೆಂಚಿನ ಮೇಲೆ ಕುಳಿತು, ಈಚೆಯ ಕಾಲನ್ನು ಎತ್ತಿ ಆಚೆಗೆ ಹಾಕಿದೆ, ಒಂದಾದ ಮೇಲೆ ಒಂದು. ಕೈ ತೊಳೆದೆ. ಬೆರಳಿನ ಸಂದು, ಉಗುರಿನ ಬುಡ, ಮಣಿಕಟ್ಟು. ಬಿಸಿಗಾಳಿಗೆ ಹಿಡಿದು ಒಣಗಿಸಿದೆ. ಮೊದಲ ಕೈಗವಸು. ತಲೆಗವಸು. ಮಾಸ್ಕು. ಉಡುಪನ್ನು ನೆಲಕ್ಕೆ ತಾಗಿಸದೆ ತೊಟ್ಟೆ. ಬೂಟು. ಕನ್ನಡಕ. ಎರಡನೇ ಕೈಗವಸು. ಸ್ಪಿರಿಟ್ ಹಚ್ಚಿಕೊಂಡು ಅದು ಆರುವವರೆಗೆ ಕೈ ಎತ್ತಿ ನಿಂತೆ. ಫಿಲ್ಲಿಂಗ್ ಕೋಣೆಯವರೆಗೂ ಬಾಗಿಲುಗಳೆಲ್ಲ ಅಡಿಯಿಂದ ಮುಡಿಯವರೆಗೆ ಗಾಜು. ಅವುಗಳ ಆಚೆ ನೆಲದ ಮೇಲೆ ಬಿಳಿಯದೊಂದು ಗಂಟು ಕಾಣುತ್ತಿತ್ತು, ಅದರ ಪಕ್ಕ ಬಗ್ಗಿ ನಿಂತ ಇನ್ನೊಂದು ಬಿಳಿ ಆಕಾರ. ನೋಡುತ್ತಲೇ ಇದ್ದೆ. ಏಳು ನಿಮಿಷ. ಕ್ಯಾಮೆರಾದ ಗಡಿಯಾರ ಆಮೇಲೆ ಹೇಳಿದ್ದು.

ಒಳಗೆ ಹೋಗಿ ಮಾಸ್ಕು ಎಳೆದಾಗ ಅದರಿಂದ ನೀರು ತೊಟ್ಟಿಕ್ಕಿತು. ಅಕ್ಕನ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಉಡುಪಿನ ಜಿಪ್ಪು ಎಳೆದರೆ ಒಳಗಿನಿಂದ ಕಾದ ಹಬೆ ಮುಖಕ್ಕೆ ಹೊಡೆಯಿತು. ಆಪರೇಟರ್ ಯಂತ್ರ ನಿಲ್ಲಿಸಿದರು. ಇಬ್ಬರೂ ಸೇರಿ ಅಕ್ಕನನ್ನು ಸಾಮಾನಿನ ಟ್ರಾಲಿಯ ಮೇಲೆ ಮಲಗಿಸಿ ತಳ್ಳಿದೆವು. ಒಂದು ಬಾಗಿಲು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುವ ವ್ಯವಸ್ಥೆ ಅಲ್ಲಿ. ತುರ್ತಿಗೆಂದು ಎರಡನ್ನೂ ಒಟ್ಟಿಗೆ ತೆರೆಯುವ ಕೆಂಪು ಗುಂಡಿ ಇದೆ. ನಾನು ಅದನ್ನೂ ಒತ್ತಲಿಲ್ಲ. ಬಾಗಿಲು ಮುಚ್ಚುವುದನ್ನು ಕಾದೆ.

ಅಕ್ಕನನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ನಸುಕಿನಲ್ಲಿ ಬಸ್ಸು ಹತ್ತಿದಾಗಿನಿಂದ ಹನಿ ನೀರು ಕುಡಿಯದ ಮೈ, ಮೇಲೆ ಆ ಕಾವು. ಮೂತ್ರಪಿಂಡಕ್ಕೆ ಪೆಟ್ಟಾಗಿದೆ, ಎರಡು ದಿನ ಏನೂ ಹೇಳಲಾಗದು ಎಂದರು ಡಾಕ್ಟರು. ಮೂರನೆಯ ದಿನ ಅಪಾಯ ಕಳೆಯಿತು. ಒಂಬತ್ತನೆಯ ದಿನ ಮನೆಗೆ ಕಳಿಸಿದರು.

ಅಷ್ಟರಲ್ಲಿ ನಮ್ಮ ತನಿಖೆಯ ವರದಿ ಸಿದ್ಧವಾಗಿತ್ತು. ಬ್ಯಾಚು ನಾಶ. ತಂಪು ಯಂತ್ರದ ಒಂದು ಭಾಗ ಬದಲಾಯಿಸಬೇಕು. ಅದರಲ್ಲಿ ನನ್ನ ಬಗ್ಗೆಯೂ ಒಂದು ಸಾಲಿತ್ತು: ಪ್ರವೇಶದ ವಿಧಾನವನ್ನು ಸಂಪೂರ್ಣವಾಗಿ ಪಾಲಿಸಲಾಗಿದೆ. ಮ್ಯಾನೇಜರ್ ಕರೆದು ಕೂರಿಸಿದರು.

"ಅಂಥ ಗಾಬರೀಲೂ ಒಂದು ಸ್ಟೆಪ್ ಬಿಟ್ಟಿಲ್ಲ ನೀವು. ಕ್ಯಾಮೆರಾದಲ್ಲಿ ಎಲ್ಲ ಇದೆ. ಹೊಸಬರಿಗೆ ಟ್ರೈನಿಂಗಲ್ಲಿ ಇದನ್ನೇ ತೋರಿಸೋಣ ಅಂತ."

ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ನನಗೆ ನೆನಪಿಲ್ಲದ ಒಂದು ಸಂಗತಿ ಅದರಲ್ಲಿತ್ತು. ಎಲ್ಲ ತೊಟ್ಟ ಮೇಲೆ ನಾನು ಕನ್ನಡಿಯ ಮುಂದೆ ನಿಂತೆ. ನಿಂತು, ಅರ್ಧ ತಿರುಗಿ, ಕತ್ತು ಹೊರಳಿಸಿ ಬೆನ್ನು ನೋಡಿಕೊಂಡೆ. ಮದುವೆಗೆ ಹೊರಟವಳ ಹಾಗೆ.

"ಬೇಡ ಸಾರ್" ಎಂದೆ.

"ಯಾಕ್ರೀ? ನಿಮ್ಮ ಮುಖ ಕಾಣಲ್ಲ."

"ಬೇಡ ಸಾರ್, ದಯವಿಟ್ಟು."

ಅಕ್ಕ ಬಿದ್ದ ದಿನ ಹೊರಬಂದಾಗ ಅಭ್ಯಾಸಬಲದಿಂದ ನನ್ನ ಉಡುಪಿಗೂ ತಟ್ಟೆ ಒತ್ತಿದ್ದೆ. ಅದರಲ್ಲಿ ಒಂದೂ ಚುಕ್ಕೆ ಬೆಳೆಯಲಿಲ್ಲ.

ನಿದ್ದೆ ಆ ವಾರವೇ ಹೋಗಿತ್ತು. ಮಲಗುತ್ತಿದ್ದೆ, ಸ್ವಲ್ಪ ಹೊತ್ತಿಗೆ ಎಚ್ಚರವಾಗುತ್ತಿತ್ತು, ಆಮೇಲೆ ಲೆಕ್ಕ. ಚಪ್ಪಲಿ ಬಿಡದಿದ್ದರೆ ಇಷ್ಟು ಉಳಿಯುತ್ತಿತ್ತು. ಕೈ ತೊಳೆಯದಿದ್ದರೆ ಇಷ್ಟು. ಕೊನೆಗೆ ಎಲ್ಲ ಕಳೆದು ಉಳಿಯುತ್ತಿದ್ದದ್ದು ಆ ಇಂಟರ್‌ಕಾಂ. ಅಲ್ಲಿ ನಾನು "ತೆಗೀರಿ" ಎಂದಿದ್ದರೆ ಸಾಕಿತ್ತು, ಓಡುವುದೇ ಬೇಕಿರಲಿಲ್ಲ. ಅಮ್ಮ ಹಾಲಿಗೆ ಗಸಗಸೆ ಹಾಕಿ ಕೊಟ್ಟಳು. ಯಾರೋ ಹೇಳಿದ ಮಾತ್ರೆಯನ್ನೂ ನುಂಗಿ ನೋಡಿದೆ. ಮನೆಯ ನಲ್ಲಿಯಲ್ಲಿ ಕೈ ತೊಳೆಯುವಾಗ ಬೆರಳುಗಳು ತಾವಾಗಿಯೇ ಸಂದು ಸಂದು ಉಜ್ಜುತ್ತಿದ್ದವು. ನಿಲ್ಲಿಸಲು ನಲ್ಲಿ ಮುಚ್ಚಬೇಕಾಗುತ್ತಿತ್ತು.

ಒಂದು ಭಾನುವಾರ ಹೆಮ್ಮಿಗೆಗೆ ಹೋದೆ. ನರಸೀಪುರದಲ್ಲಿ ಬಸ್ಸು ಬದಲಾಯಿಸಿ, ಊರಿನ ಬಾಗಿಲಲ್ಲಿ ಇಳಿದು ಕೇಳಿದರೆ, "ಕಂಪ್ನೀಲಿ ಬಿದ್ದೋದ್ರಲ್ಲ, ಅವ್ರಾ?" ಎಂದು ಮನೆ ತೋರಿಸಿದರು. ಜಗಲಿಯ ಮೇಲೆ ಅಕ್ಕನ ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀನೇನಾ ಆ ಮೇಡಮ್ಮು?"

"ಹೌದಜ್ಜಿ."

"ಕೂತ್ಕ." ಒಳಗೆ ಹೋಗಿ ದೊಡ್ಡ ಚೊಂಬಿನ ತುಂಬ ನೀರು ತಂದು ಕೈಗೆ ಕೊಟ್ಟು ಎದುರಿಗೇ ನಿಂತರು. ಅರ್ಧ ಕುಡಿದು ಕೆಳಗಿಟ್ಟೆ. "ಪೂರ್ತಿ ಕುಡಿ. ನಿಮ್ ಕಂಪ್ನೀಲಿ ನೀರ್ ಕುಡ್ಯದೇ ಮರ್ತೋಗದಂತಲ್ಲ."

"ಅತ್ತೆ, ಸುಮ್ಕಿರಿ" ಎಂದು ಒಳಗಿನಿಂದ ಅಕ್ಕನ ದನಿ.

"ಯಾಕ್ ಸುಮ್ಕಿರ್ಲಿ? ನಮ್ ಎಮ್ಮೆಗೂವೆ ಒತ್ತಾರೆ ಎದ್ದೇಟ್ಗೆ ನೀರ್ ಇಡ್ತೀವಿ ಕಣವ್ವ."

ನಾನು ಚೊಂಬು ಖಾಲಿ ಮಾಡಿದೆ. ಅಕ್ಕ ಹೊರಗೆ ಬಂದು ಕಂಬಕ್ಕೆ ಒರಗಿ ಕುಳಿತರು. ಮುಖ ಇಳಿದಿತ್ತು, ಬಳೆ ಮೊಣಕೈವರೆಗೆ ಜಾರುತ್ತಿತ್ತು. ಕ್ಷಮೆ ಕೇಳಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದೆ. ಅವರೇ ಶುರು ಮಾಡಿದರು.

"ನೀವು ಕೈ ತೊಳೀತಿದ್ದದ್ದು ಕಾಣ್ತಿತ್ತು ನಂಗೆ."

ನಾನು ಖಾಲಿ ಚೊಂಬನ್ನು ಜಗಲಿಯ ಮೇಲಿಟ್ಟೆ.

"ಕಣ್ಣು ಮಂಜಾಗಿತ್ತು, ಆದ್ರೂ ಕಾಣ್ತಿತ್ತು. ಕೈಬೆಟ್ಟಿನ ಸಂದೂ ಬುಡ್ಲಿಲ್ಲ ನೀವು. ಮನಸ್ನಲ್ಲೇ ಬಯ್ದೆ. ಬಾರೇ, ಬಾರೇ, ಸಾಕು ಬಾರೇ ಅಂತ. ಮೇಡಂ ಗೀಡಂ ಏನೂ ಅನ್ನಲಿಲ್ಲ."

"ತಪ್ಪಾಯ್ತು ಅಕ್ಕ."

"ತಪ್ಪೇ." ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಸಿಟ್ಟೈತೆ ಮೇಡಂ. ಸುಳ್ ಯಾಕೇಳ್ಲಿ. ನೀವ್ ಬಂದ್ರಿ ಅಂತ ಓಗ್ಬುಡದಿಲ್ಲ ಅದು. ನಾನೂ ನಿಮ್ ಜಾಗದಲ್ಲಿದ್ದಿದ್ರೆ ಅಂಗೇ ತೊಳ್ಕತಿದ್ನೇನೋ, ಅದ್ನ ನೆನ್ಸ್ಕಂಡ್ರೆ ಇನ್ನೂ ಸಿಟ್ಟು ಬತ್ತದೆ."

ಅಜ್ಜಿ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

"ಆ ನಕ್ಷತ್ರದ ಪಟ್ಟಿ ಐತಾ ಇನ್ನೂವೆ?" ಅಕ್ಕ ಕೇಳಿದರು.

"ಇದೆ."

"ನನ್ ಎಸ್ರು?"

"ಅದೂ ಇದೆ."

"ಕೀಳ್ರಿ ಮೊದ್ಲು. ನೀವು ಅಂಟಿಸುದ್ರಿ ನಿಜ, ಕುಣುದವ್ಳು ನಾನು. ಮಗ್ಳು ಪರೀಕ್ಷೇಲಿ ಫಸ್ಟ್ ಬಂದಾಗ್ಲೂ ಅಷ್ಟು ಖುಷಿ ಪಟ್ಟಿರ್ನಿಲ್ಲ. ಮೂವತ್ತು ಮೈಲಿಂದ ಬಾಯ್ ಒಣಗಿಸ್ಕಂಡು ಬತ್ತಿದ್ದೆ." ಜಾರಿದ ಬಳೆಯನ್ನು ಮುಂದಕ್ಕೆ ಎಳೆದುಕೊಂಡು, "ನಿಮ್ಗೆ ನಿದ್ದೆ ಬತ್ತದಾ?" ಎಂದರು.

"ಇಲ್ಲ ಅಕ್ಕ."

"ನಂಗ್ ಚೆನ್ನಾಗ್ ಬತ್ತದೆ" ಎಂದು ಮೊದಲ ಸಲ ನಕ್ಕರು. ಹೊರಡುವಾಗ ಅಜ್ಜಿ ಬಿಡಿಸಿದ ಅವರೆಕಾಳನ್ನು ಒಂದು ಕವರಿಗೆ ಸುರಿದು ಕೊಟ್ಟರು. ಬೇಡವೆನ್ನುವ ಧೈರ್ಯ ನನಗಿರಲಿಲ್ಲ.

ಸೋಮವಾರ ಪಟ್ಟಿ ಕಿತ್ತೆ. ಒಳಗೆ ಕೆಲಸ ಮಾಡುವ ಹೆಂಗಸರನ್ನು ಕ್ಯಾಂಟೀನಿನಲ್ಲಿ ಕೂರಿಸಿ, ಮೊದಲೇ ಕೇಳಬೇಕಿದ್ದದ್ದನ್ನು ಕೇಳಿದೆ. ಒಬ್ಬೊಬ್ಬರೇ ಹೇಳಿದರು. ಹಿಂದಿನ ಸಂಜೆಯಿಂದಲೇ ನೀರು ಬಿಡುವವರಿದ್ದರು. ಮುಟ್ಟಿನ ದಿನ ಏನು ಮಾಡುತ್ತಾರೆಂಬುದನ್ನು ಕೇಳಿ ನನಗೆ ತಲೆ ಎತ್ತಲಾಗಲಿಲ್ಲ. ನಡುವೆ ಕಡ್ಡಾಯ ಬಿಡುವು, ಹೊರಬಂದವರಿಗೆ ಪ್ರಶ್ನೆಯಿಲ್ಲದೆ ಹೊಸ ಉಡುಪು, ಒಳಗೆ ಹೋಗುವ ಮೊದಲು ನೀರು: ಇಷ್ಟನ್ನು ಬರೆದು ಮ್ಯಾನೇಜರಿಗೆ ಕೊಟ್ಟೆ. "ಲಾಂಡ್ರಿ ಸಾಲಲ್ಲ ಕಣ್ರೀ" ಎಂದು ಗೊಣಗಿ, ಅವರು ಒಪ್ಪಿದರು. ಕಷ್ಟವಾದದ್ದು ಇನ್ನೊಂದು ಹಾಳೆ. ಒಳಗೆ ಯಾರಾದರೂ ಬಿದ್ದರೆ ಹತ್ತಿರವಿದ್ದವರು ಮೊದಲು ಮಾಸ್ಕು ತೆಗೆಯಬೇಕು, ಯಾರನ್ನೂ ಕೇಳಬೇಕಾಗಿಲ್ಲ. ಹೊರಗಿನವರು ಹಾಕಿಕೊಂಡಿರುವ ಬಟ್ಟೆಯಲ್ಲೇ ಕೆಂಪು ಗುಂಡಿ ಒತ್ತಿ ಒಳಗೆ ಓಡಬೇಕು. ಬ್ಯಾಚನ್ನು ಮರೆಯಬೇಕು.

ಮ್ಯಾನೇಜರ್ ಪೆನ್ನಿನಿಂದ ಒಂದು ಪದಕ್ಕೆ ಗೆರೆ ಎಳೆದರು. "'ಓಡಬೇಕು' ಅಂತ ಬೇಡ. ಕ್ಲೀನ್‌ರೂಮಿನಲ್ಲಿ ಓಡಬಾರದು ಅಂತ ನೀವೇ ಇನ್ನೊಂದು ಕಡೆ ಬರ್ದಿದ್ದೀರಿ."

"ಹಾಗಾದ್ರೆ ಅದನ್ನ ತೆಗೀತೀನಿ ಸಾರ್. ಇದು ಇರಲಿ."

ತಿಂಗಳಿಗೊಮ್ಮೆ ಕೋಣೆಯನ್ನು ನಿಲ್ಲಿಸಿ ಪೂರ್ತಿ ಸ್ವಚ್ಛಗೊಳಿಸುತ್ತೇವೆ. ಅದಕ್ಕೆ ಮೊದಲು ಆ ಹಾಳೆಯ ತಾಲೀಮು ಇಟ್ಟುಕೊಂಡೆವು. ಹಳೆಯ ಉಡುಪಿಗೆ ಬಟ್ಟೆ ತುರುಕಿ ಗೊಂಬೆ ಮಾಡಿ ಒಳಗೆ ಮಲಗಿಸಿದೆವು. ಗಂಟೆ ಹೊಡೆದೊಡನೆ ಆಪರೇಟರ್ ಓಡಿದರು, ಬೆಂಚಿನ ಹತ್ತಿರ ಗಕ್ಕನೆ ನಿಂತರು, ಬಗ್ಗಿ ಚಪ್ಪಲಿ ಬಿಚ್ಚತೊಡಗಿದರು.

"ಬಿಚ್ಚಬೇಡಿ!"

"ಕಾಲೇ ಬರಲ್ಲ ಮೇಡಂ" ಎಂದರು ನಾಚಿಕೊಂಡು. "ಮನೆ ಒಳಕ್ಕೂ ಅಂಗ್ ಓಗಲ್ವಲ್ಲ ನಾವು."

ಎಲ್ಲರೂ ನಕ್ಕರು. ನನ್ನ ಸರದಿ ಬಂತು. ಚಪ್ಪಲಿಯಲ್ಲೇ ಬೆಂಚು ದಾಟಿದೆ, ಎರಡು ಹೆಜ್ಜೆ ಇಟ್ಟೆ, ಆಮೇಲೆ ನೀರಿನ ಸದ್ದು ಕೇಳಿತು. ನನ್ನ ಕೈ ನಲ್ಲಿಯ ಕೆಳಗಿತ್ತು. ಯಾರೂ ನಗಲಿಲ್ಲ. ಆ ರಾತ್ರಿ ಹಿಂದಿನ ಎಲ್ಲ ರಾತ್ರಿಗಿಂತ ಕೆಟ್ಟದಾಗಿ ಕಳೆಯಿತು. ಹಾಳೆ ಬರೆದವಳಿಗೇ ಹೀಗಾದರೆ ಇನ್ನೊಂದು ಸಲ ನಿಜವಾಗಿ ಯಾರಾದರೂ ಬಿದ್ದಾಗ ಏನು ಗತಿ?

ಮುಂದಿನ ತಿಂಗಳ ಹೊತ್ತಿಗೆ ಅಕ್ಕ ಕೆಲಸಕ್ಕೆ ಮರಳಿದ್ದರು. ಫಿಲ್ಲಿಂಗ್ ಕೋಣೆಗಲ್ಲ, ತುಂಬಿದ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡುವ ವಿಭಾಗಕ್ಕೆ. ಮೇಜಿನ ಪಕ್ಕ ಒಂದು ಬಾಟಲಿ ನೀರು ಇಟ್ಟುಕೊಂಡಿರುತ್ತಿದ್ದರು. ನನ್ನೊಂದಿಗೆ ಕೆಲಸದ ಮಾತಷ್ಟೇ. ನಲ್ಲಿಯ ಸಂಗತಿ ಅವರ ಕಿವಿಗೂ ಬಿದ್ದಿತ್ತು. ತಾಲೀಮಿನ ದಿನ ತಾವಾಗಿಯೇ ಬಂದರು.

"ಆ ಗೊಂಬೆ ಎತ್ತಾಕಿ. ನಾನೇ ಮಲೀಕತೀನಿ. ಎಂಗ್ ಬಿದ್ದಿದ್ದೆ ಅಂತ ನಂಗ್ ತಾನೇ ಗೊತ್ತಿರದು?"

"ಬೇಡ ಅಕ್ಕ."

"ಗೊಂಬೆ ಅಂತ ನಿಮ್ ಕೈಗೂ ಗೊತ್ತು ಮೇಡಂ, ಅದುಕ್ಕೇ ನಲ್ಲಿ ಹತ್ರ ಓಯ್ತದೆ."

ಅವರು ಉಡುಪು ತೊಟ್ಟು, ಮಾಸ್ಕು ಕಟ್ಟಿ ಒಳಗೆ ಹೋದರು. ಗೋಡೆ ಹಿಡಿದು ಜಾರಿ ಕುಳಿತು, ಪಕ್ಕಕ್ಕೆ ಒರಗಿ ಮಲಗಿದರು. ಗಾಜಿನ ಆಚೆ ಅದೇ ಬಿಳಿಯ ಗಂಟು. ಗಂಟೆ ಹೊಡೆಯಿತು.

ಬೆಂಚನ್ನು ಹೇಗೆ ದಾಟಿದೆನೋ ತಿಳಿಯದು. ಮೊಣಕಾಲಿಗೆ ಸ್ಟೀಲಿನ ಅಂಚು ಬಡಿದದ್ದು ಆಮೇಲೆ ಗೊತ್ತಾಯಿತು. ಕೆಂಪು ಗುಂಡಿ ಒತ್ತಿದೆ, ಬಾಗಿಲುಗಳು ಒಟ್ಟಿಗೆ ತೆರೆದುಕೊಂಡವು. ಧೂಳು ಮೆತ್ತಿದ ಚಪ್ಪಲಿಯಲ್ಲಿ, ಬಿಚ್ಚಿದ ಕೂದಲಲ್ಲಿ, ಆ ಕೋಣೆಯೊಳಗೆ ಜೀವನದಲ್ಲಿ ಮೊದಲ ಸಲ ಬರಿಯ ಮುಖದಲ್ಲಿ ಓಡಿದೆ. ಮಂಡಿಯೂರಿ ಅಕ್ಕನ ಮಾಸ್ಕನ್ನು ಎಳೆದೆ.

"ಮೆಲ್ಲುಕ್ಕೆ ಮೇಡಂ, ಕಿವಿ ಕಿತ್ಕಂಡ್ ಬತ್ತದೆ."

ಜಿಪ್ಪು ಸಿಗುತ್ತಿರಲಿಲ್ಲ. ಅವರೇ ನನ್ನ ಬೆರಳು ಹಿಡಿದು ಜಿಪ್ಪಿನ ಮೇಲಿಟ್ಟರು.

"ಎಷ್ಟೊತ್ತಾಯ್ತು?" ಎಂದು ಮಲಗಿದಲ್ಲಿಂದಲೇ, ಗಡಿಯಾರ ಹಿಡಿದು ಬಾಗಿಲಲ್ಲಿ ನಿಂತಿದ್ದ ಆಪರೇಟರನ್ನು ಕೇಳಿದರು.

"ಅರ್ಧ ನಿಮ್ಷನೂ ಇಲ್ಲ ಅಕ್ಕ."

ಅಕ್ಕ ಸೂರಿನ ದೀಪ ನೋಡಿದರು. "ಅವತ್ತೂ ಇಷ್ಟೇ ದೂರ ಇತ್ತಲ್ವಾ" ಎಂದರು. ನಾನು ಕೈ ಚಾಚಿದೆ. ಅವರು ಹಿಡಿದು ಎದ್ದರು, ಸೊಂಟಕ್ಕೆ ಕೈ ಕೊಟ್ಟು ನಿಂತು, "ಇನ್ನೊಂದ್ಕಿತ ಮಾಡ್ರಿ, ಎಲ್ರೂ ಮಾಡ್ಲಿ" ಎಂದು ಮತ್ತೆ ಮಲಗಿದರು. ಆ ದಿನ ಹನ್ನೊಂದು ಜನ ಚಪ್ಪಲಿ ಹಾಕಿಕೊಂಡು ಆ ಕೋಣೆಯೊಳಗೆ ಓಡಿ ಬಂದರು. ಅವರಲ್ಲಿ ಮ್ಯಾನೇಜರ್ ಒಬ್ಬರು. ಬಿಳಿಯ ನೆಲದ ತುಂಬ ಹೆಜ್ಜೆಯ ಗುರುತು. ಅದನ್ನು ಒರೆಸಲು ನಮಗೆ ಸಂಜೆಯವರೆಗೆ ಹಿಡಿಯಿತು.

ಮನೆಗೆ ಬಂದು ಉಂಡು, ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಒರಗಿದೆ. ಅಮ್ಮ ಬಂದು ಭುಜ ಅಲುಗಾಡಿಸಿ, "ಇವತ್ತು ರಜಾನಾ? ಎಂಟು ಗಂಟೆ ಆಯ್ತು ಕಣೇ" ಎಂದಾಗ, ಎಂಟು ಎಂದರೆ ಯಾವ ಎಂಟು ಎಂದು ಕೇಳಿದೆ. ಕಿಟಕಿಯಲ್ಲಿ ಬಿಸಿಲಿತ್ತು.